ದಾರಿ ಹುಡುಕುವ ಕಾವಲುಗಾರ

ಮಕ್ಕಳೇ, ಕಾಸರಗೋಡಿನಿಂದ ಬದಿಯಡ್ಕಕ್ಕೆ ಹೋಗಲು ಎಷ್ಟು ದಾರಿಗಳಿವೆ? ಚೆರ್ಕಳದ ಮೂಲಕ ಹೋಗಬಹುದು. ಕುಂಬಳೆ, ಸೀತಾಂಗೋಳಿ, ನೀರ್ಚಾಲುಗಳನ್ನು ಹಾದು ಕೂಡ ಹೋಗಬಹುದು. ಮಳೆಗಾಲದಲ್ಲಿ ಒಂದು ದಾರಿಗೆ ಅಡ್ಡವಾಗಿ ಮರ ಬಿತ್ತು ಎಂದುಕೊಳ್ಳಿ. ಆಗ ಎದುರಿನಿಂದ ಬರುವ ಬಸ್ಸಿನವರು ಕೈ ತೋರಿಸಿ, "ಮುಂದೆ ದಾರಿ ಇಲ್ಲ" ಎನ್ನುತ್ತಾರೆ. ನಮ್ಮ ಬಸ್ಸಿನ ಚಾಲಕರು ಬಸ್ಸನ್ನು ತಿರುಗಿಸಿ ಇನ್ನೊಂದು ದಾರಿ ಹಿಡಿಯುತ್ತಾರೆ. ಸ್ವಲ್ಪ ತಡವಾದರೂ ನಾವು ಊರು ಸೇರುತ್ತೇವೆ.

ಕಂಪ್ಯೂಟರುಗಳ ನಡುವೆ ಓಡಾಡುವ ಸುದ್ದಿಗೂ ಇಂತಹ ದಾರಿಗಳಿವೆ. ಆ ದಾರಿಗಳೂ ಒಮ್ಮೊಮ್ಮೆ ಮುಚ್ಚಿಹೋಗುತ್ತವೆ. ಆಗ ಬೇರೆ ದಾರಿ ಹುಡುಕುವವರು ಯಾರು? ಕೆಟ್ಟ ಸುದ್ದಿಯನ್ನು ಬಾಗಿಲಲ್ಲೇ ತಡೆಯುವವರು ಯಾರು? ಈ ಎರಡು ಕೆಲಸಗಳನ್ನೂ ಒಟ್ಟಿಗೆ ಮಾಡುವ ಒಂದು ಯಂತ್ರದ ವಿಷಯವನ್ನು ಈ ಪಾಠದಲ್ಲಿ ತಿಳಿಯೋಣ.

ಪೊಟ್ಟಣಗಳ ಪ್ರಯಾಣ

ನೀವು ಕಂಪ್ಯೂಟರಿನಿಂದ ಗೆಳೆಯನಿಗೆ ಒಂದು ಚಿತ್ರ ಕಳುಹಿಸುತ್ತೀರಿ. ಆ ಚಿತ್ರ ಇಡಿಯಾಗಿ ಹೋಗುವುದಿಲ್ಲ. ಅದು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದುಕೊಂಡು ಹೋಗುತ್ತದೆ. ಒಂದೊಂದು ಭಾಗವನ್ನೂ ಪ್ಯಾಕೆಟ್ ಎನ್ನುತ್ತಾರೆ. ನಾವು ಅದನ್ನು ಪೊಟ್ಟಣ ಎಂದು ಕರೆಯೋಣ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್‌ಗಳಷ್ಟು ಮಾಹಿತಿ ಹಿಡಿಯುತ್ತದೆ. 15 ಲಕ್ಷ ಬೈಟ್‌ಗಳ ಒಂದು ಚಿತ್ರವನ್ನು ಕಳುಹಿಸಲು ಸಾವಿರಕ್ಕಿಂತ ಹೆಚ್ಚು ಪೊಟ್ಟಣಗಳು ಬೇಕು.

ಕಾಗದದ ಮೇಲೆ ವಿಳಾಸ ಬರೆಯುವಂತೆ ಪ್ರತಿಯೊಂದು ಪೊಟ್ಟಣದ ಮೇಲೂ ವಿಳಾಸ ಇರುತ್ತದೆ. ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು ಎಂಬ ಎರಡು ವಿಳಾಸಗಳು ಅದರಲ್ಲಿವೆ. ಹೆಚ್ಚಾಗಿ ಬಳಕೆಯಲ್ಲಿರುವ ವಿಳಾಸದಲ್ಲಿ ನಾಲ್ಕು ಸಂಖ್ಯೆಗಳು, ನಡುನಡುವೆ ಚುಕ್ಕಿಗಳು ಇರುತ್ತವೆ. ಒಂದೊಂದು ಸಂಖ್ಯೆಯೂ 0ರಿಂದ 255ರ ಒಳಗಿರುತ್ತದೆ.

ದೂರದ ಕಂಪ್ಯೂಟರುಗಳು ಹೀಗೆ ಮಾತನಾಡಲು ತೊಡಗಿದ್ದು 1969ರ ಅಕ್ಟೋಬರ್ 29ರಂದು, ಅಮೆರಿಕದ ಅರ್ಪಾನೆಟ್ ಎಂಬ ಜಾಲದಲ್ಲಿ. ಅಂದು ಕಳುಹಿಸಬೇಕೆಂದಿದ್ದ ಪದ 'ಲಾಗಿನ್'. ಇಂಗ್ಲಿಷಿನ ಅದರ ಮೊದಲ ಎರಡು ಅಕ್ಷರಗಳು ತಲುಪುವಷ್ಟರಲ್ಲಿ ಆಚೆಯ ಕಂಪ್ಯೂಟರು ನಿಂತುಹೋಯಿತು! ಸರಿಪಡಿಸಿದ ಮೇಲೆ ಪೂರ್ತಿ ಪದ ಹೋಯಿತು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಇಂಟರ್‌ನೆಟ್ ಜನಸಾಮಾನ್ಯರ ಬಳಕೆಗೆ ದೊರೆಯಿತು.

ಕವಲುದಾರಿಯ ಫಲಕ

ಪೊಟ್ಟಣ ಹೋಗುವ ದಾರಿಯಲ್ಲಿ ಅನೇಕ ಕವಲುಗಳಿವೆ. ಪ್ರತಿಯೊಂದು ಕವಲಿನಲ್ಲಿ ಒಂದು ಯಂತ್ರ ಕುಳಿತಿರುತ್ತದೆ. ಅದರ ಹೆಸರು ರೂಟರ್. ಅದರ ಬಳಿ ಒಂದು ಪಟ್ಟಿ ಇರುತ್ತದೆ. "ಈ ವಿಳಾಸಕ್ಕೆ ಎಡಕ್ಕೆ, ಆ ವಿಳಾಸಕ್ಕೆ ಬಲಕ್ಕೆ" ಎಂದು ಆ ಪಟ್ಟಿಯಲ್ಲಿ ಬರೆದಿರುತ್ತದೆ. ರೂಟರ್ ಪೊಟ್ಟಣದ ವಿಳಾಸವನ್ನು ಓದಿ, ಪಟ್ಟಿಯನ್ನು ನೋಡಿ, ಮುಂದಿನ ಕವಲಿಗೆ ಸಾಗಿಸುತ್ತದೆ.

ಈ ಪಟ್ಟಿಯನ್ನು ಬರೆಯುವವರು ಯಾರು? ಮನುಷ್ಯರೇ ಕುಳಿತು ಬರೆಯಬಹುದು. ಅದು ರಸ್ತೆ ಬದಿಯಲ್ಲಿ ನೆಟ್ಟ ಕಲ್ಲಿನ ಫಲಕವಿದ್ದಂತೆ. ನಾಲ್ಕೈದು ದಾರಿಗಳಿದ್ದರೆ ಇದೇ ಸಾಕು. ಆದರೆ ಮುಂದೆ ಸೇತುವೆ ಮುರಿದಿದ್ದರೂ ಕಲ್ಲಿನ ಫಲಕ ಮೊದಲಿನಂತೆಯೇ ದಾರಿ ತೋರಿಸುತ್ತದೆ, ಅಲ್ಲವೇ? ಯಾರಾದರೂ ಬಂದು ತಿದ್ದುವವರೆಗೆ ಪೊಟ್ಟಣಗಳು ಮುರಿದ ಸೇತುವೆಯ ಕಡೆಗೇ ಹೋಗುತ್ತಿರುತ್ತವೆ.

ಆದ್ದರಿಂದ ರೂಟರುಗಳು ತಾವೇ ಒಂದಕ್ಕೊಂದು ಮಾತನಾಡಿಕೊಂಡು ಪಟ್ಟಿಯನ್ನು ತಿದ್ದಿಕೊಳ್ಳುವ ಉಪಾಯವನ್ನು ಜನರು ಕಂಡುಹಿಡಿದರು. ಹೇಗೆ ಮಾತನಾಡಬೇಕು, ಎಷ್ಟು ಹೊತ್ತಿಗೊಮ್ಮೆ ಮಾತನಾಡಬೇಕು ಎಂಬುದಕ್ಕೆ ನಿಯಮಗಳಿವೆ. ಈ ನಿಯಮಗಳನ್ನು ಪ್ರೊಟೊಕಾಲ್ ಎನ್ನುತ್ತಾರೆ.

ಹಳೆಯ ನಿಯಮಗಳಲ್ಲಿ ಒಂದರ ಹೆಸರು ರಿಪ್. ಅದರ ಬರಹ 1988ರಲ್ಲಿ ಪ್ರಕಟವಾಯಿತು. ಗುರಿ ಮುಟ್ಟಲು ಎಷ್ಟು ಕವಲುಗಳನ್ನು ದಾಟಬೇಕು ಎಂದಷ್ಟೇ ರಿಪ್ ಎಣಿಸುತ್ತದೆ. 15 ಕವಲುಗಳವರೆಗೆ ಅದರ ಲೆಕ್ಕ. 16 ಎಂದರೆ ಅದರ ಪಾಲಿಗೆ "ಅಲ್ಲಿಗೆ ದಾರಿಯೇ ಇಲ್ಲ" ಎಂದರ್ಥ. ದಾರಿ ಅಗಲವೇ, ಇಕ್ಕಟ್ಟೇ ಎಂಬುದನ್ನು ಅದು ನೋಡುವುದಿಲ್ಲ.

1989ರಲ್ಲಿ ಇನ್ನೊಂದು ನಿಯಮ ಬಂದಿತು. ಅದರ ಹೆಸರು ಓಎಸ್‌ಪಿಎಫ್. ಈ ನಿಯಮದಲ್ಲಿ ಪ್ರತಿಯೊಂದು ಯಂತ್ರವೂ ತನಗೆ ಹೊಂದಿಕೊಂಡ ದಾರಿಗಳ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸುತ್ತದೆ. ಎಲ್ಲರ ಸುದ್ದಿಯನ್ನೂ ಕೂಡಿಸಿ ಪ್ರತಿಯೊಂದೂ ಇಡೀ ಊರಿನ ನಕ್ಷೆಯನ್ನು ಬರೆದುಕೊಳ್ಳುತ್ತದೆ. ಬಳಿಕ ನಕ್ಷೆಯನ್ನು ನೋಡಿ ಹತ್ತಿರದ ದಾರಿಯನ್ನು ತಾನೇ ಲೆಕ್ಕ ಹಾಕುತ್ತದೆ.

ಇಪ್ಪತ್ತು ನಿಮಿಷದ ಲೆಕ್ಕ

ಹತ್ತಿರದ ದಾರಿಯನ್ನು ಲೆಕ್ಕ ಹಾಕುವ ಈ ಕ್ರಮವನ್ನು ಕಂಡುಹಿಡಿದವರು ನೆದರ್‌ಲ್ಯಾಂಡ್ಸ್ ದೇಶದ ಎಡ್ಸ್‌ಗರ್ ಡೈಕ್‌ಸ್ಟ್ರಾ. ಅವರು 1930ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ಹುಟ್ಟಿದರು. 1956ರಲ್ಲಿ ಒಂದು ದಿನ ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯಲ್ಲಿ ಕುಳಿತಿದ್ದಾಗ ಅವರಿಗೆ ಈ ಕ್ರಮ ಹೊಳೆಯಿತು. ಕಾಗದ, ಪೆನ್ಸಿಲು ಯಾವುದೂ ಇಲ್ಲದೆ ಸುಮಾರು 20 ನಿಮಿಷಗಳಲ್ಲಿ ಮನಸ್ಸಿನಲ್ಲೇ ಅದನ್ನು ರೂಪಿಸಿದರು. 1959ರಲ್ಲಿ ಅದು ಅಚ್ಚಾಯಿತು.

ಆ ಲೆಕ್ಕವನ್ನು ನಾವೂ ಮಾಡೋಣವೇ? ನಾಲ್ಕು ಕಟ್ಟಡಗಳಿರುವ ಒಂದು ದೊಡ್ಡ ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳಿ. 'ಕ' ಕಟ್ಟಡದಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. 'ಖ' ಔಷಧಾಲಯ. 'ಗ' ಕಚೇರಿ. 'ಘ' ಶಸ್ತ್ರಚಿಕಿತ್ಸೆ ನಡೆಯುವ ಕಟ್ಟಡ. ಮರದಿಂದ ಬಿದ್ದು ಕಾಲು ಮುರಿದುಕೊಂಡ ಒಬ್ಬ ಹುಡುಗನ ಎಕ್ಸ್‌ರೇ ಚಿತ್ರ 'ಕ'ದಿಂದ 'ಘ'ಕ್ಕೆ ಬೇಗನೆ ಹೋಗಬೇಕು.

ಪ್ರತಿ ದಾರಿಗೂ ಒಂದು ವೆಚ್ಚ ಇದೆ. ಇದು ಹಣದ ವೆಚ್ಚವಲ್ಲ. ವೇಗದ ದಾರಿಗೆ ಸಣ್ಣ ಸಂಖ್ಯೆ, ನಿಧಾನದ ದಾರಿಗೆ ದೊಡ್ಡ ಸಂಖ್ಯೆ, ಅಷ್ಟೆ. ನಮ್ಮ ಆಸ್ಪತ್ರೆಯ ದಾರಿಗಳು ಹೀಗಿವೆ:

ಕ – ಖ : 10
ಕ – ಗ : 30
ಖ – ಗ : 10
ಖ – ಘ : 40
ಗ – ಘ : 10

'ಕ'ದಲ್ಲಿ ನಿಂತು ನೋಡಿ. 'ಖ'ಕ್ಕೆ 10, 'ಗ'ಕ್ಕೆ 30. ಇವೆರಡರಲ್ಲಿ ಹತ್ತಿರದ್ದು 'ಖ'. ಅದನ್ನು ಗುರುತು ಹಾಕಿಕೊಳ್ಳಿ. ಈಗ 'ಖ'ದಲ್ಲಿ ನಿಂತು ನೋಡಿ. ಅಲ್ಲಿಂದ 'ಗ'ಕ್ಕೆ 10. ಅಂದರೆ 'ಕ'ದಿಂದ ಒಟ್ಟು 20. ಮೊದಲು 30 ಎಂದು ಬರೆದಿದ್ದೆವು. ಅದನ್ನು ಅಳಿಸಿ 20 ಎಂದು ಬರೆಯಿರಿ. 'ಖ'ದಿಂದ 'ಘ'ಕ್ಕೆ 40, ಒಟ್ಟು 50. ಉಳಿದವುಗಳಲ್ಲಿ ಹತ್ತಿರದ್ದು 'ಗ'. ಅಲ್ಲಿ ನಿಂತು ನೋಡಿ. 'ಘ'ಕ್ಕೆ 10, ಒಟ್ಟು 30. ಮೊದಲಿನ 50ನ್ನು ಅಳಿಸಿ 30 ಎಂದು ಬರೆಯಿರಿ. ಲೆಕ್ಕ ಮುಗಿಯಿತು. ಕ – ಖ – ಗ – ಘ ಎಂಬುದೇ ಉತ್ತಮ ದಾರಿ.

ಒಂದು ವಿಷಯ ಗಮನಿಸಿ. ಕ – ಗ – ಘ ದಾರಿಯಲ್ಲಿ ದಾಟಬೇಕಾದ ಕಟ್ಟಡಗಳು ಕಡಿಮೆ. ರಿಪ್ ಆಗಿದ್ದರೆ ಇಷ್ಟು ಉದ್ದದ ದಾರಿಯನ್ನು ಆರಿಸುತ್ತಿರಲಿಲ್ಲ. ಆದರೆ ಕ – ಗ – ಘ ದಾರಿಯ ವೆಚ್ಚ 40. ಕಡಿಮೆ ಕವಲುಗಳಿದ್ದ ಮಾತ್ರಕ್ಕೆ ದಾರಿ ಬೇಗನೆ ಮುಗಿಯುತ್ತದೆ ಎನ್ನುವಂತಿಲ್ಲ.

ಈಗ 'ಖ' ಮತ್ತು 'ಗ' ನಡುವಿನ ತಂತಿ ತುಂಡಾಯಿತು ಎಂದುಕೊಳ್ಳಿ. ಯಂತ್ರಗಳು ಆ ಸುದ್ದಿಯನ್ನು ಎಲ್ಲರಿಗೂ ತಿಳಿಸುತ್ತವೆ. ಎಲ್ಲವೂ ನಕ್ಷೆಯನ್ನು ತಿದ್ದಿ ಮತ್ತೆ ಲೆಕ್ಕ ಹಾಕುತ್ತವೆ. ಈ ಬಾರಿ ಕ – ಗ – ಘ ದಾರಿಯೇ ಉತ್ತಮ. ಹುಡುಗನ ಎಕ್ಸ್‌ರೇ ಚಿತ್ರ ವೈದ್ಯರ ಕೈ ಸೇರುತ್ತದೆ. ಯಾರೂ ಓಡಿಬಂದು ಫಲಕ ತಿದ್ದಬೇಕಾಗಿಲ್ಲ.

ಬಾಗಿಲ ಕಾವಲುಗಾರ

ದಾರಿ ಇದ್ದಲ್ಲಿ ಕಳ್ಳರೂ ಬರುತ್ತಾರೆ. 1988ರ ನವೆಂಬರ್ 2ರಂದು ಅಮೆರಿಕದ ಒಬ್ಬ ವಿದ್ಯಾರ್ಥಿ ಬರೆದ ಪ್ರೋಗ್ರಾಂ ಒಂದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿಯೇ ಹರಡಿತು. ಸಾವಿರಾರು ಕಂಪ್ಯೂಟರುಗಳು ಕೆಲಸ ಮಾಡಲಾರದೆ ನಿಂತವು. ಬಾಗಿಲಿಲ್ಲದ ಮನೆ ಕ್ಷೇಮವಲ್ಲ ಎಂದು ಆಗ ಎಲ್ಲರಿಗೂ ಅರ್ಥವಾಯಿತು. ಆ ಕಾಲದಲ್ಲಿ ಬೆಳೆದುಬಂದ ಯಂತ್ರವೇ ಫೈರ್‌ವಾಲ್.

ಈ ಹೆಸರು ಮನೆ ಕಟ್ಟುವವರಿಂದ ಬಂದದ್ದು. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹರಡದಂತೆ ನಡುವೆ ಕಟ್ಟುವ ಗೋಡೆಗೆ ಇಂಗ್ಲಿಷಿನಲ್ಲಿ ಹೀಗೆ ಹೆಸರು. ಕಂಪ್ಯೂಟರಿನ ಫೈರ್‌ವಾಲ್ ಬರಿಯ ಗೋಡೆಯಲ್ಲ. ಅದರಲ್ಲಿ ಬಾಗಿಲುಗಳಿವೆ, ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಒಳಗೆ ಬರುವ ಪ್ರತಿ ಪೊಟ್ಟಣವನ್ನೂ ಅವನು ನೋಡುತ್ತಾನೆ. "ಎಲ್ಲಿಂದ ಬಂದೆ? ಎಲ್ಲಿಗೆ ಹೋಗಬೇಕು? ಯಾವ ಕೆಲಸಕ್ಕೆ?" ಎಂದು ವಿಚಾರಿಸುತ್ತಾನೆ. ಅಪ್ಪಣೆ ಇದ್ದವರನ್ನು ಬಿಡುತ್ತಾನೆ. ಉಳಿದವರನ್ನು ತಡೆಯುತ್ತಾನೆ.

ನಮ್ಮ ಆಸ್ಪತ್ರೆಯ ನಾಲ್ಕು ಕಟ್ಟಡಗಳ ಬಾಗಿಲಲ್ಲೂ ಫೈರ್‌ವಾಲ್‌ಗಳಿವೆ. ರೋಗಿಗಳ ವಿವರ ಕಂಡವರ ಕೈಗೆ ಸಿಗಬಾರದಲ್ಲವೇ? ಕಟ್ಟಡಗಳ ನಡುವಿನ ದಾರಿಗಳೆಲ್ಲ ಕೂಡುವುದು ಈ ಬಾಗಿಲುಗಳಲ್ಲಿಯೇ. ಆದ್ದರಿಂದ ಕಾವಲು ಕಾಯುವವನೇ ದಾರಿಯನ್ನೂ ತಿಳಿದಿರಬೇಕು. ಅವನಿಗೆ ಓಎಸ್‌ಪಿಎಫ್ ಕಲಿಸಬೇಕು.

ಕಾವಲುಗಾರನಿಗೆ ದಾರಿ ಕಲಿಸೋಣ

ಜಾಲವನ್ನು ನೋಡಿಕೊಳ್ಳುವ ತಂತ್ರಜ್ಞರು ಈ ಕೆಲಸವನ್ನು ಮಾಡುತ್ತಾರೆ. ಅವರು ಯಂತ್ರಕ್ಕೆ ಏನೇನು ಹೇಳಿಕೊಡುತ್ತಾರೆ ಎಂದು ಒಂದೊಂದಾಗಿ ನೋಡೋಣ.

ಮೊದಲನೆಯದು, ಗುರುತಿನ ಸಂಖ್ಯೆ. ತರಗತಿಯಲ್ಲಿ ನಿಮಗೆ ಹಾಜರಿ ಸಂಖ್ಯೆ ಇರುವಂತೆ ಪ್ರತಿ ಫೈರ್‌ವಾಲ್‌ಗೂ ಒಂದು ಸಂಖ್ಯೆ ಬೇಕು. ಇದನ್ನು 1.1.1.1, 2.2.2.2 ಎಂಬಂತೆ ಬರೆಯುತ್ತಾರೆ. ಇಬ್ಬರಿಗೆ ಒಂದೇ ಸಂಖ್ಯೆ ಕೊಟ್ಟರೆ ನಕ್ಷೆ ಗೋಜಲಾಗುತ್ತದೆ.

ಎರಡನೆಯದು, ಪ್ರದೇಶ. ದೊಡ್ಡ ಜಾಲವನ್ನು ವಾರ್ಡುಗಳಂತೆ ಪ್ರದೇಶಗಳಾಗಿ ಹಂಚುತ್ತಾರೆ. ಎಲ್ಲದಕ್ಕೂ ನಡುವಿನದು ಪ್ರದೇಶ 0. ನಮ್ಮ ಆಸ್ಪತ್ರೆ ಚಿಕ್ಕದು. ನಾಲ್ಕೂ ಫೈರ್‌ವಾಲ್‌ಗಳು ಪ್ರದೇಶ 0ಯಲ್ಲೇ ಇರಲಿ.

ಮೂರನೆಯದು, ಯಾವ ಕಡೆ ಮಾತು, ಯಾವ ಕಡೆ ಮೌನ. ಪಕ್ಕದ ಫೈರ್‌ವಾಲ್ ಇರುವ ಕಡೆ ಮಾತ್ರ ದಾರಿಯ ಮಾತು ಆಡಬೇಕು. ಹೊರಗಿನ ಇಂಟರ್‌ನೆಟ್ ಇರುವ ಕಡೆ ಆಡಬಾರದು. ಮನೆಯ ಕೋಣೆಗಳ ನಕ್ಷೆಯನ್ನು ದಾರಿಹೋಕರಿಗೆ ಯಾರಾದರೂ ಕೊಡುತ್ತಾರೆಯೇ? ಆದರೆ ಇಂಟರ್‌ನೆಟ್‌ಗೆ ಹೊಂದಿಕೊಂಡ ಫೈರ್‌ವಾಲ್, "ಹೊರಗೆ ಹೋಗುವ ದಾರಿ ನನ್ನ ಬಳಿ ಇದೆ" ಎಂದು ಒಳಗಿನವರಿಗೆ ತಿಳಿಸಬೇಕು.

ನಾಲ್ಕನೆಯದು, ಗುಟ್ಟಿನ ಪದ. ಇದನ್ನು ಪಕ್ಕಪಕ್ಕದ ಫೈರ್‌ವಾಲ್‌ಗಳಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಪದವನ್ನು ಹಾಗೆಯೇ ಕಳುಹಿಸಿದರೆ ನಡುವೆ ಯಾರಾದರೂ ಕದ್ದು ಕೇಳಬಹುದು. ಅದಕ್ಕಾಗಿ ಆ ಪದವನ್ನು ಸೇರಿಸಿ ಒಂದು ಲೆಕ್ಕ ಮಾಡಿ, ಬಂದ ಉತ್ತರವನ್ನು ಮುದ್ರೆಯಂತೆ ಒತ್ತಿ ಕಳುಹಿಸುತ್ತಾರೆ. ಮುದ್ರೆ ಹೊಂದದ ಸುದ್ದಿಯನ್ನು ಕಾವಲುಗಾರ ನಂಬುವುದಿಲ್ಲ.

ಐದನೆಯದು, ಅಪ್ಪಣೆ. ಇದು ಫೈರ್‌ವಾಲ್‌ನಲ್ಲಿ ಮುಖ್ಯವಾದದ್ದು. ಕಾವಲುಗಾರನ ಗುಣವೇ ತಡೆಯುವುದು. ಪಕ್ಕದವನ ದಾರಿಯ ಸುದ್ದಿಯನ್ನೂ ಅವನು ತಡೆದುಬಿಟ್ಟರೆ? ಆದ್ದರಿಂದ ಅನೇಕ ಫೈರ್‌ವಾಲ್‌ಗಳಲ್ಲಿ ಈ ಸುದ್ದಿಗೆ ಬೇರೆಯಾಗಿ ಅಪ್ಪಣೆ ಬರೆಯಬೇಕು. ಓಎಸ್‌ಪಿಎಫ್ ಸುದ್ದಿಯ ಪೊಟ್ಟಣದ ಮೇಲೆ 89 ಎಂಬ ಗುರುತು ಇರುತ್ತದೆ. "ಗೊತ್ತಿರುವ ಪಕ್ಕದವನಿಂದ ಬಂದ 89ರ ಪೊಟ್ಟಣವನ್ನು ತೆಗೆದುಕೋ" ಎಂದು ಹೇಳಿಕೊಡುತ್ತಾರೆ.

ಆರನೆಯದು, ಪ್ರತಿ ದಾರಿಯ ವೆಚ್ಚ. ಇದನ್ನು ನೀವು ಆಗಲೇ ತಿಳಿದಿದ್ದೀರಿ.

ಇಷ್ಟಾದ ಮೇಲೆ ಫೈರ್‌ವಾಲ್‌ಗಳು ಒಂದಕ್ಕೊಂದು "ಹಲೋ" ಎನ್ನುತ್ತವೆ. ನಿಜವಾಗಿಯೂ ಆ ಪೊಟ್ಟಣದ ಹೆಸರೇ ಹಲೋ! ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹಲೋ ಹೋಗುತ್ತದೆ. 40 ಸೆಕೆಂಡುಗಳವರೆಗೆ ಪಕ್ಕದವನ ಹಲೋ ಕೇಳದಿದ್ದರೆ, "ಅವನು ಇಲ್ಲ" ಎಂದು ತಿಳಿದು ನಕ್ಷೆಯನ್ನು ತಿದ್ದುತ್ತವೆ. ತಂತಿ ತುಂಡಾದದ್ದು ಯಂತ್ರಕ್ಕೆ ನೇರವಾಗಿ ತಿಳಿದರೆ ಅಷ್ಟೂ ಕಾಯಬೇಕಾಗಿಲ್ಲ. ಹಲೋ ಹೇಳುವ ಸಮಯ, ಪ್ರದೇಶ, ಗುಟ್ಟಿನ ಪದ ಇವು ಇಬ್ಬರಲ್ಲೂ ಒಂದೇ ಆಗಿರಬೇಕು. ಒಂದು ತಪ್ಪಿದರೂ ಗೆಳೆತನ ಕೂಡುವುದಿಲ್ಲ.

ಕೊನೆಗೆ ತಂತ್ರಜ್ಞರು ಪರೀಕ್ಷೆ ಮಾಡುತ್ತಾರೆ. ಪ್ರತಿ ಫೈರ್‌ವಾಲ್‌ನಲ್ಲೂ ಪಕ್ಕದವರ ಪಟ್ಟಿಯನ್ನು ನೋಡುತ್ತಾರೆ. ರೋಗಿಗಳಿಗೆ ತೊಂದರೆಯಾಗದ ಹೊತ್ತನ್ನು ಆರಿಸಿ ಒಂದು ತಂತಿಯನ್ನು ಬೇಕೆಂದೇ ಬಿಚ್ಚುತ್ತಾರೆ. ಪೊಟ್ಟಣಗಳು ಬೇರೆ ದಾರಿ ಹಿಡಿದವೇ ಎಂದು ನೋಡಿ, ಮತ್ತೆ ಜೋಡಿಸುತ್ತಾರೆ.

ಹೋದ ದಾರಿ, ಬರುವ ದಾರಿ

ಫೈರ್‌ವಾಲ್‌ನ ಕಾವಲುಗಾರನಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ಒಳಗಿನಿಂದ ಒಂದು ಪ್ರಶ್ನೆ ಹೊರಗೆ ಹೋದರೆ ಅವನು ಪುಸ್ತಕದಲ್ಲಿ ಬರೆದಿಡುತ್ತಾನೆ. ಅದಕ್ಕೆ ಉತ್ತರ ಬಂದಾಗ, "ಹೌದು, ಇದು ನಾವು ಕೇಳಿದ್ದಕ್ಕೆ ಬಂದದ್ದು" ಎಂದು ಒಳಗೆ ಬಿಡುತ್ತಾನೆ. ಯಾರೂ ಕೇಳದೆ ಬಂದದ್ದನ್ನು ತಡೆಯುತ್ತಾನೆ.

ಒಂದು ಕಟ್ಟಡಕ್ಕೆ ಎರಡು ಬಾಗಿಲುಗಳಿದ್ದರೆ? ಪ್ರಶ್ನೆ ಮೂಡಣ ಬಾಗಿಲಿನಿಂದ ಹೋಯಿತು. ಉತ್ತರ ಪಡುವಣ ಬಾಗಿಲಿಗೆ ಬಂತು. ಪಡುವಣ ಬಾಗಿಲಿನವನ ಪುಸ್ತಕದಲ್ಲಿ ಏನೂ ಬರೆದಿಲ್ಲ. ಅವನು ಉತ್ತರವನ್ನು ತಡೆದುಬಿಡುತ್ತಾನೆ! ದಾರಿ ಸರಿಯಾಗಿದೆ, ತಂತಿ ಸರಿಯಾಗಿದೆ, ಕಾವಲುಗಾರರೂ ಸರಿಯಾಗಿದ್ದಾರೆ. ಆದರೂ ಕೆಲಸ ಕೆಟ್ಟಿತು.

ಇದಕ್ಕೆ ಎರಡು ಪರಿಹಾರಗಳಿವೆ. ಹೋಗುವ ದಾರಿ ಮತ್ತು ಬರುವ ದಾರಿ ಒಂದೇ ಆಗುವಂತೆ ವೆಚ್ಚದ ಸಂಖ್ಯೆಗಳನ್ನು ಎರಡು ಕಡೆಯೂ ಹೊಂದಿಸಿ ಬರೆಯಬೇಕು. ಇಲ್ಲವಾದರೆ, ಇಬ್ಬರು ಕಾವಲುಗಾರರೂ ತಮ್ಮ ಪುಸ್ತಕದಲ್ಲಿ ಬರೆದದ್ದನ್ನು ಕೂಡಲೇ ಒಬ್ಬರಿಗೊಬ್ಬರು ತಿಳಿಸುವಂತೆ ಏರ್ಪಾಡು ಮಾಡಬೇಕು.

ತಪ್ಪು ಫಲಕದಿಂದಾದ ತೊಂದರೆ

ಗುಟ್ಟಿನ ಪದ, ಅಪ್ಪಣೆ ಎಂದೆಲ್ಲ ಇಷ್ಟು ಎಚ್ಚರಿಕೆ ಏಕೆ ಎಂದು ನೀವು ಕೇಳಬಹುದು. ಒಂದು ನಿಜವಾದ ಘಟನೆಯನ್ನು ಕೇಳಿ.

2008ರ ಫೆಬ್ರವರಿ 24ರಂದು ಪ್ರಪಂಚದ ಬಹಳಷ್ಟು ಕಡೆ ಯೂಟ್ಯೂಬ್ ಸುಮಾರು ಎರಡು ಗಂಟೆಗಳ ಕಾಲ ಸಿಗದೆ ಹೋಯಿತು. ಅದರ ಕಂಪ್ಯೂಟರುಗಳು ಕೆಟ್ಟಿರಲಿಲ್ಲ. ದಾರಿಯ ಸುದ್ದಿ ಕೆಟ್ಟಿತ್ತು. ಪಾಕಿಸ್ತಾನದಲ್ಲಿ ಯೂಟ್ಯೂಬನ್ನು ತಡೆಯಬೇಕೆಂದು ಅಲ್ಲಿನ ಸರಕಾರ ಆಜ್ಞೆ ಮಾಡಿತ್ತು. ಅದಕ್ಕಾಗಿ ಅಲ್ಲಿನ ದೂರವಾಣಿ ಸಂಸ್ಥೆ ತನ್ನ ರೂಟರಿನಲ್ಲಿ, ಯೂಟ್ಯೂಬಿಗೆ ದಾರಿ ತನ್ನ ಕಡೆಗೇ ಇದೆ ಎಂದು ಬರೆಯಿತು. ದೇಶದ ಒಳಗೇ ಉಳಿಯಬೇಕಾಗಿದ್ದ ಆ ಸುದ್ದಿ ಹೊರಗೆ ಹೋಯಿತು. ಹೊರಗಿನ ಒಂದು ಸಂಸ್ಥೆ ಅದನ್ನು ಪರೀಕ್ಷಿಸದೆ ಪ್ರಪಂಚಕ್ಕೆಲ್ಲ ಹಂಚಿತು.

ಉಳಿದ ರೂಟರುಗಳು ಅದನ್ನು ಏಕೆ ನಂಬಿದವು? ಒಂದು ಫಲಕದಲ್ಲಿ "ಕಾಸರಗೋಡು ಜಿಲ್ಲೆ" ಎಂದೂ ಇನ್ನೊಂದರಲ್ಲಿ "ಬದಿಯಡ್ಕ ಪೇಟೆ" ಎಂದೂ ಇದ್ದರೆ, ಬದಿಯಡ್ಕಕ್ಕೆ ಹೋಗುವವರು ಯಾವುದನ್ನು ಹಿಡಿಯುತ್ತಾರೆ? ಎರಡನೆಯದನ್ನು. ಹೆಚ್ಚು ನಿಖರವಾದ ಫಲಕವನ್ನೇ ರೂಟರುಗಳೂ ಆರಿಸುತ್ತವೆ. ತಪ್ಪಾಗಿ ಹೊರಬಂದ ಫಲಕ ಹೆಚ್ಚು ನಿಖರವಾಗಿತ್ತು! ದೊಡ್ಡ ದೊಡ್ಡ ಜಾಲಗಳ ನಡುವಿನ ಈ ಮಾತಿಗೆ ಬಿಜಿಪಿ ಎಂಬ ಬೇರೆ ನಿಯಮವಿದೆ. ಆದರೆ ಪಾಠ ಎಲ್ಲಕ್ಕೂ ಒಂದೇ. ದಾರಿ ಹೇಳುವವರು ಯಾರು ಎಂದು ಮೊದಲು ತಿಳಿಯಬೇಕು. ಅವರು ಹೇಳಿದ್ದನ್ನು ಪರೀಕ್ಷಿಸಿ ನಂಬಬೇಕು. ನಮಗೆ ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಅದು ನಿಜವೇ ಎಂದು ನೋಡಬೇಕು.

ಈ ಮಾತು ಯಂತ್ರಗಳಿಗೆ ಮಾತ್ರವೇ? ಯೋಚಿಸಿ ನೋಡಿ.

ಮಾಡಿ ನೋಡಿ

ನಾಲ್ವರು ಗೆಳೆಯರು ಸೇರಿ ಕ, ಖ, ಗ, ಘ ಆಗಿರಿ. ದಾರಿಗಳಿದ್ದಲ್ಲಿ ಇಬ್ಬರ ನಡುವೆ ಹಗ್ಗ ಹಿಡಿಯಿರಿ. ಹಗ್ಗಕ್ಕೆ ವೆಚ್ಚದ ಚೀಟಿ ಕಟ್ಟಿರಿ. 'ಕ'ದಿಂದ 'ಘ'ಕ್ಕೆ ಒಂದು ಕಾಗದ ಕಳುಹಿಸಿ. ಬಳಿಕ ಐದನೆಯ ಗೆಳೆಯ ಬಂದು ಯಾವುದಾದರೂ ಒಂದು ಹಗ್ಗವನ್ನು ಬಿಡಿಸಲಿ. ಈಗ ಕಾಗದ ಯಾವ ದಾರಿಯಲ್ಲಿ ಹೋಗಬೇಕು? ಲೆಕ್ಕ ಹಾಕಿ ಹೇಳಿ.

ಉತ್ತರ ಬರೆಯಿರಿ

1. ಕಲ್ಲಿನ ಫಲಕಕ್ಕೂ ತಾನಾಗಿ ತಿದ್ದಿಕೊಳ್ಳುವ ಪಟ್ಟಿಗೂ ಇರುವ ವ್ಯತ್ಯಾಸವೇನು?
2. 'ಗ' ಮತ್ತು 'ಘ' ನಡುವಿನ ತಂತಿ ತುಂಡಾದರೆ 'ಕ'ದಿಂದ 'ಘ'ಕ್ಕೆ ಉತ್ತಮ ದಾರಿ ಯಾವುದು? ಅದರ ವೆಚ್ಚ ಎಷ್ಟು?
3. ಇಂಟರ್‌ನೆಟ್ ಇರುವ ಕಡೆ ಫೈರ್‌ವಾಲ್ ದಾರಿಯ ಮಾತು ಆಡಬಾರದು. ಏಕೆ?
4. ಪಡುವಣ ಬಾಗಿಲಿನ ಕಾವಲುಗಾರ ಉತ್ತರವನ್ನು ತಡೆದದ್ದು ಅವನ ತಪ್ಪೇ? ನಿಮ್ಮ ಅಭಿಪ್ರಾಯವನ್ನು ಐದು ವಾಕ್ಯಗಳಲ್ಲಿ ಬರೆಯಿರಿ.